ಅಂಗಡಿ ಕೋಣೆಯಲ್ಲಿ ಮಲಗಲು ಅರ್ಜಿ

ಜನವರಿ ೧೨

ನಕ್ಷೆ ಕಚೇರಿಯ ಮಹಾರಾಣಿಯವರಿಗೆ,

ಕೈಗೇನಾಗಿದೆಯೇ ನಿನಗೆ? ಲಕ್ವ ಹೊಡೆದಿದೆಯಾ? ಮೂರು ತಿಂಗಳಾಯಿತು, ಒಂದು ಸಾಲಿಲ್ಲ. ಫೋನ್ ಮಾಡಿದರೆ "ಮೀಟಿಂಗಲ್ಲಿದ್ದೀನಿ ಅಜ್ಜಿ" ಅಂತ ಕಳ್ಳಿಯ ಹಾಗೆ ಪಿಸುಗುಟ್ಟಿ ಇಟ್ಟುಬಿಡುತ್ತೀಯ. ಅದ್ಯಾರ ಮನೆ ಮುಳುಗಿಸೋ ಮೀಟಿಂಗೋ ಏನೋ. ಅದಕ್ಕೇ ಕಾಗದ. ಫೋನನ್ನು ಇಟ್ಟರೆ ಬಾಯಿ ಮುಚ್ಚುತ್ತೆ. ಕಾಗದ ಹಾಗಲ್ಲ, ಮೇಜಿನ ಮೇಲೆ ಕೂತು ನಿನ್ನ ಮುಖಾನೇ ನೋಡ್ತಾ ಇರುತ್ತೆ. ನಾಲ್ಕನೇ ಕ್ಲಾಸಿನವಳ ಅಕ್ಷರ, ಓದೋಕಾಗಲ್ಲ ಅನ್ನಬೇಡ. ನಿನ್ನ ಕೈ ಹಿಡಿದು ತಿದ್ದಿಸಿದ್ದೂ ಇದೇ ಅಕ್ಷರ.

ದೊಡ್ಡಜ್ಜಿ ಸ್ನಾನದ ಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡದ್ದು ನಿನಗೆ ಗೊತ್ತು. ಇನ್ನು ಮೆಟ್ಟಿಲು ಹತ್ತಿ ಇಳಿಯೋ ಮಾತೇ ಎತ್ತಬೇಡಿ ಅಂತ ಡಾಕ್ಟರು ಹೇಳಿದ್ದು ಗೊತ್ತಿಲ್ಲ, ಯಾಕೆಂದರೆ ನೀನು ಕೇಳಲಿಲ್ಲ. ನಾವು ಮಲಗೋದು ಮಹಡಿಯ ಮೇಲೆ. ಹದಿನೆಂಟು ಮೆಟ್ಟಿಲು. ನಾಲ್ಕು ತಿಂಗಳಿಂದ ಅವಳು ನೆಲ ಮುಟ್ಟಿಲ್ಲ. ಆಸ್ಪತ್ರೆಗೆ ಹೋಗಬೇಕಾದ ದಿನ ಪಕ್ಕದ ಮನೆ ಬಡಗಿ, ಅವನ ತಮ್ಮ, ಇಬ್ಬರೂ ಕುರ್ಚಿ ಸಮೇತ ಎತ್ತಿಕೊಂಡು ಇಳಿಸುತ್ತಾರೆ. ಗೋಡೆ ತಿರುವಿನಲ್ಲಿ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಐವತ್ತೈದು ವರ್ಷ ಈ ಓರಗಿತ್ತಿಯ ಜೊತೆ ಒಂದೇ ಸೂರಿನಡಿ ಜಗಳ ಆಡಿದವಳು ನಾನು. ಅವಳು ಹೆದರಿದ್ದನ್ನು ನೋಡಿರಲಿಲ್ಲ.

ಕೆಳಗೆ ಬೀದಿಗೆ ಬಾಗಿಲಿರೋ ನನ್ನ ಇಸ್ತ್ರಿ ಅಂಗಡಿಯ ಕೋಣೆ ಮೂರು ವರ್ಷದಿಂದ ಬೀಗ ಹಾಕಿಕೊಂಡು ಬಿದ್ದಿದೆ. ನನ್ನ ಮಣಿಕಟ್ಟು ಹೋದ ಮೇಲೆ ಅಲ್ಲಿ ಇರೋದು ಒಂದು ಮೇಜು, ಎರಡು ಜಿರಲೆ. ಅಲ್ಲೇ ಮಂಚ ಹಾಕಿ, ಮೂಲೆಯಲ್ಲಿ ಒಂದು ಬಚ್ಚಲು ಕಟ್ಟಿಸೋಣ ಅಂದುಕೊಂಡೆ. ಮೇಸ್ತ್ರಿ ಪರವಾನಗಿ ಇಲ್ಲದೆ ಇಟ್ಟಿಗೆ ಮುಟ್ಟಲ್ಲ ಅಂದ. ಸರಿ, ನಗರದ ಕಚೇರಿಗೆ ಹೋದೆ. ಮೂರನೇ ಕಿಟಕಿ. ಅಲ್ಲೊಬ್ಬ ಕೂತಿದ್ದಾನೆ, ಹಾಲು ಕುಡಿದ ಬೆಕ್ಕಿನ ಹಾಗೆ ಕಣ್ಣು ಅರ್ಧ ಮುಚ್ಚಿಕೊಂಡು.

"ನಿಮ್ಮ ಬೀದಿ ನೇರಳೆ ಬಣ್ಣದಲ್ಲಿದೆ ಅಜ್ಜಿ," ಅಂದ.

"ಎಲ್ಲಿ? ಸುಣ್ಣ ಬಳಿದೇ ಹತ್ತು ವರ್ಷ ಆಯ್ತು."

"ನಕ್ಷೆಯಲ್ಲಿ. ಹಳದಿ ಅಂದ್ರೆ ವಾಸ. ನೇರಳೆ ಅಂದ್ರೆ ವ್ಯಾಪಾರ. ನೇರಳೆ ಬೀದೀಲಿ ಕೆಳಗಿನ ಮುಂದಿನ ಕೋಣೆ ಅಂಗಡಿಯಾಗೇ ಇರಬೇಕು. ಅಲ್ಲಿ ಯಾರೂ ವಾಸ ಮಾಡೋ ಹಾಗಿಲ್ಲ."

"ಅಂಗಡಿ ಮುಚ್ಚಿ ಮೂರು ವರ್ಷ ಆಯ್ತಲ್ಲಪ್ಪ?"

"ಮುಚ್ಚಿರಬಹುದು. ಅದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ."

ತಿಳೀತಾ? ಜಿರಲೆ ಇರಬಹುದು, ಮುದುಕಿ ಇರಬಾರದು. ಇಂಥ ಬುದ್ಧಿ ನಿಮ್ಮ ಕಚೇರಿಯಲ್ಲದೆ ಬೇರೆಲ್ಲಿ ಬೆಳೆಯುತ್ತೆ? ಈ ಊರಿನ ಬಣ್ಣಗಳೆಲ್ಲ ನಿನ್ನ ದೊಡ್ಡ ಕಚೇರಿಯಲ್ಲೇ ತಯಾರಾಗೋದಂತೆ. ಎದ್ದು ಹೋಗಿ ಒಂದು ಮಾತು ಹೇಳು. ಅಷ್ಟು ಓದಿಸಿದ್ದು ದಂಡ ಅನ್ನಿಸಬೇಡ.

ನಿನ್ನ ಅಜ್ಜಿ


ಫೆಬ್ರವರಿ ೨೦

ಸರ್ಕಾರಿ ಭಾಷೆಯ ಪಂಡಿತೆಗೆ,

ನಿನ್ನ ಕಾಗದ ಬಂತು. ಸಂಬಂಧಿಕರ ಅರ್ಜಿಯನ್ನು ನೀನು ಮುಟ್ಟೋ ಹಾಗಿಲ್ಲವಂತೆ. ವಿನಾಯಿತಿ ಕೇಳಿ ಬೇರೆ ಅರ್ಜಿ ಹಾಕಬೇಕು. ಎಲ್ಲ ನಿಯಮದ ಪ್ರಕಾರ ಆಗುತ್ತೆ. ದೊಡ್ಡಜ್ಜಿ ಹೇಗಿದ್ದಾಳೆ ಅನ್ನೋದು ಕೊನೆಯ ಸಾಲಿನಲ್ಲಿ, ಹಾಳೆಯಲ್ಲಿ ಜಾಗ ಉಳಿದಿತ್ತು ಅನ್ನೋ ಹಾಗೆ. ಅವಳಿಗೆ ಓದಿ ಹೇಳಿದೆ. "ಕೇಳಿದಳಲ್ಲ, ಬಿಡೇ" ಅಂದಳು. ಅವಳು ಯಾವಾಗಲೂ ನಿನ್ನ ಕಡೆಯೇ.

ವಿನಾಯಿತಿ ಕೇಳೋದು ಅಂದರೆ ಏನು ಅಂತ ನಿನಗೆ ಕಲಿಸುತ್ತೇನೆ, ನೀನು ಬರೀ ನಿಯಮ ಬರೆಯೋಳು. ಮೊದಲು ಲೈಸೆನ್ಸ್ ಇರೋ ನಕ್ಷೆಗಾರ ಬೇಕಂತೆ. ಒಬ್ಬ ಬಂದ. ಕೋಣೆಯ ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡು ಹೋದ. ವಾರ ಬಿಟ್ಟು ನಕ್ಷೆ ತಂದ. ಮನೆ ಮುಂದೆ ಒಂದು ದೊಡ್ಡ ಮರ ಬರೆದಿದ್ದ.

"ಈ ಮರ ಎಲ್ಲಿದೆಯಪ್ಪ?"

"ಮರ ಇದ್ರೆ ಸಾಹೇಬ್ರು ಖುಷಿಯಾಗ್ತಾರೆ ಅಜ್ಜಿ."

ತೆಗೆದುಕೊಂಡು ಹೋಗಿ ಮೂರನೇ ಕಿಟಕಿಯವನಿಗೆ ಕೊಟ್ಟೆ. ಅವನು ಅರ್ಧ ಕಣ್ಣಿನಲ್ಲೇ ನೋಡಿ, "ಮರ ಕಾಲುದಾರಿಗೆ ಅಡ್ಡ ಬರುತ್ತೆ, ಕಡಿಯೋಕೆ ತೋಟಗಾರಿಕೆಯವರ ಅನುಮತಿ ತನ್ನಿ" ಅಂದ. ಅಲ್ಲಿ ಮರವೇ ಇಲ್ಲ ಅಂದೆ. ಹಾಗಾದ್ರೆ ಮರ ಇಲ್ಲ ಅಂತ ತೋಟಗಾರಿಕೆಯವರಿಂದ ಬರೆಸಿಕೊಂಡು ಬನ್ನಿ ಅಂದ. ಬರೆಸಿಕೊಂಡು ಬಂದೆ ಕಣೇ! ಹುಟ್ಟದೇ ಇರೋ ಮರಕ್ಕೆ ಒಂಬತ್ತು ದಿನ ಓಡಾಡಿದೆ. ಹುಟ್ಟಿ ಎಪ್ಪತ್ತೆಂಟು ವರ್ಷ ಆದವಳು ಮೇಲೆ ಕೂತು ಕಿಟಕಿಯಿಂದ ನನ್ನ ದಾರಿ ಕಾಯ್ತಾ ಇದ್ದಳು.

ಆಮೇಲೆ ಇನ್‌ಸ್ಪೆಕ್ಟರ್ ಬಂದ. ಸೊಂಟದಲ್ಲಿ ಯಾವಾಗಲೂ ಅಳತೆ ಟೇಪು, ಅದಕ್ಕೇ ನಾವು ಅವನಿಗೆ ಟೇಪು ಅಂತಲೇ ಕರೆಯೋದು. ಬಾಗಿಲು ಅಳೆದ, ಕಿಟಕಿ ಅಳೆದ, ನನ್ನನ್ನು ಬಿಟ್ಟು ಎಲ್ಲ ಅಳೆದ. ಕೇಳಿದೆ: "ಇಲ್ಲಿ ಅಂಗಡಿ ಇದೆ, ವಾಸ ಇದೆ ಅಂತ ಹೇಗಪ್ಪ ತೀರ್ಮಾನ ಮಾಡ್ತೀಯ?"

"ಮೇಜಿದ್ರೆ ಅಂಗಡಿ. ಮಂಚ ಇದ್ರೆ ವಾಸ."

"ಮಂಚ ಮಾರೋ ಅಂಗಡಿ ಇಟ್ರೆ?"

ಪಾಪ, ಪಿಳಿಪಿಳಿ ಕಣ್ಣು ಬಿಟ್ಟ. ಟೇಪನ್ನು ಎಳೆದ, ಬಿಟ್ಟ, ಎಳೆದ, ಬಿಟ್ಟ. ಕೊನೆಗೆ, "ಮಾರಬಹುದು. ಮಲಗಬಾರದು" ಅಂದ.

ಅಷ್ಟರಲ್ಲಿ ಮೇಲಿಂದ ದೊಡ್ಡಜ್ಜಿ ಕೋಲಿನಿಂದ ನೆಲ ಕುಟ್ಟಿದಳು. ಅವಳಿಗೆ ಬಚ್ಚಲಿಗೆ ಹೋಗಬೇಕಾದರೆ ಹಾಗೆ ಕುಟ್ಟುತ್ತಾಳೆ. ನಾನು ಹದಿನೆಂಟು ಮೆಟ್ಟಿಲು ಹತ್ತಿ ಹೋಗೋ ಹೊತ್ತಿಗೆ ತಡವಾಗಿತ್ತು. ಅವಳು ಗೋಡೆ ಕಡೆ ಮುಖ ಮಾಡಿಕೊಂಡಿದ್ದಳು. ಅವಳ ಬಟ್ಟೆ ಬದಲಾಯಿಸಿ, ನೆಲ ಒರೆಸಿದೆ. ಇದನ್ನು ನಿನ್ನ ಅರ್ಜಿಯ ಯಾವ ಕಾಲಮ್ಮಿನಲ್ಲಿ ತುಂಬಲಿ, ಹೇಳು.

ವಿಚಾರಣೆ ಏಪ್ರಿಲ್ ಹನ್ನೊಂದಕ್ಕಂತೆ. ಐದು ಜನ ಕೂತು ಕೇಳುತ್ತಾರಂತೆ. ಈ ಬೀದಿಗೆ ನೇರಳೆ ಬಳಿದ ಮಹಾನುಭಾವರು ಯಾರು ಅಂತ ಪತ್ತೆ ಮಾಡಿ ತಿಳಿಸು. ಅವರ ಕಣ್ಣಿಗೆ ಏನು ಬಳಿದುಕೊಂಡಿದ್ದರು ಅಂತ ಅವತ್ತು ಕೇಳುತ್ತೇನೆ.

ಮರವಿಲ್ಲದ ಮನೆಯ ಅಜ್ಜಿ


ಮಾರ್ಚ್ ೯

ಅಜ್ಜಿ,

ಪತ್ತೆ ಮಾಡು ಅಂದೆಯಲ್ಲ. ಹಳೆಯ ಕಡತ ಯಾರು ಬೇಕಾದರೂ ನೋಡಬಹುದು, ಅದರಲ್ಲಿ ತಪ್ಪಿಲ್ಲ. ನೋಡಿದೆ.

ಒಂಬತ್ತು ವರ್ಷದ ಹಿಂದೆ ಬೀದಿ ಬೀದಿಗೂ ಸಮೀಕ್ಷೆಯವರು ಬಂದಿದ್ದರು. ಒಂದು ಬೀದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ವ್ಯಾಪಾರ ಇದ್ದರೆ ಆ ಬೀದಿ ನೇರಳೆ. ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆ. ಹಾಳೆಯಲ್ಲಿ ಹನ್ನೊಂದು ಅಂಗಡಿ ಅಂತಿದೆ. ಹೊಲಿಗೆ, ಕೊಡೆ ರಿಪೇರಿ, ಚಾಕು ಸಾಣೆ, ಗಡಿಯಾರ, ಬಡಗಿ ಕಾರ್ಖಾನೆ, ಎಲ್ಲ ಇದೆ. ಕೆಳಗೆ "ಮಾಹಿತಿ ಕೊಟ್ಟವರು: ಆರನೇ ನಂಬರು ಮನೆ, ಇಸ್ತ್ರಿ ಅಂಗಡಿ" ಅಂತ ಬರೆದು ಸಹಿ ಇದೆ.

ಅಜ್ಜಿ, ಸಹಿ ಮಾತ್ರ ಅಲ್ಲ. ಇಡೀ ಹಾಳೆ ನಿನ್ನ ಅಕ್ಷರ.

ಇನ್ನೊಂದು ವಿಷಯ. ಈ ಹಾಳೆಯನ್ನು ನಾನು ಈಗ ಮೊದಲ ಸಲ ನೋಡ್ತಾ ಇಲ್ಲ. ಆಗ ನಾನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಹಾಳೆ ನೋಡಿ ನಕ್ಷೆಗೆ ಬಣ್ಣ ಹಾಕೋದು ನನ್ನ ಕೆಲಸವಾಗಿತ್ತು.

ಸ್ನಾನದ ಮನೆಗೆ ರಬ್ಬರ್ ಚಾಪೆ ಕಳಿಸಿದ್ದೇನೆ. ದೊಡ್ಡಜ್ಜಿಗೆ ಕೊಡು.

ಇಂತಿ,
ನಿನ್ನ ಮೊಮ್ಮಗಳು


ಮಾರ್ಚ್ ೧೭

ಮಗಳೇ,

ಚಾಪೆ ಬಂತು. ಕಾಗದವೂ ಬಂತು. ನಾಲ್ಕು ದಿನ ನಿನಗೆ ಉತ್ತರ ಬರೆಯಲಿಲ್ಲ. ಬೈಯೋಕೆ ಯಾರೂ ಸಿಗದೆ ದೊಡ್ಡಜ್ಜಿಯನ್ನು ಬೈದೆ. "ಇವತ್ತು ನಿನ್ನ ಬೈಗುಳದಲ್ಲಿ ಉಪ್ಪಿಲ್ಲ, ಏನಾಯ್ತೇ?" ಅಂದಳು. ನಿನ್ನ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆ ದಿನ ಚೆನ್ನಾಗಿ ನೆನಪಿದೆ. ಒಬ್ಬಳು ಹುಡುಗಿ ಬಂದಿದ್ದಳು, ಎದೆಗೆ ಹಲಗೆ ಅವುಚಿಕೊಂಡು. ಉರಿಬಿಸಿಲು. ನನ್ನ ಅಂಗಡಿಯ ಮುಂದೆ ನಿಂತು, ಬೀದಿಯ ಆ ಕಡೆ ಈ ಕಡೆ ನೋಡಿ, "ಇಲ್ಲಿ ಏನೂ ಇಲ್ಲ ಅಲ್ವಾ, ಬರೀ ಮನೆಗಳು" ಅಂದಳು. ನಾನು ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಅವಳ ಎದುರಿಗೇ ನಿಂತಿದ್ದೀನಿ, ಬೆವರು ಹನಿ ಹನಿ ಬಟ್ಟೆ ಮೇಲೆ ಬೀಳದ ಹಾಗೆ ತಲೆ ಹಿಂದಕ್ಕೆ ಮಾಡಿಕೊಂಡು. ಏನೂ ಇಲ್ವಂತೆ! ಮೈ ಉರಿದು ಹೋಯಿತು. "ಕೊಡಿಲ್ಲಿ" ಅಂದೆ. "ಬರೆಯೋಕೆ ಬರುತ್ತಾ ಅಮ್ಮ?" ಅಂದಳು. ಅದು ಇನ್ನೂ ಉರಿಸಿತು. ಹಲಗೆ ಕಿತ್ತುಕೊಂಡು ನಾನೇ ಬರೆದೆ.

ನಾಲ್ಕನೇ ಮನೆಯವಳು ತನ್ನ ಬಟ್ಟೆ ತಾನೇ ಹೊಲಿದುಕೊಳ್ಳುತ್ತಾಳೆ. ಹೊಲಿಗೆ ಅಂಗಡಿ ಅಂದೆ. ಒಂಬತ್ತನೇ ಮನೆಯವನ ಹತ್ತಿರ ಮುರಿದ ಕೊಡೆ ಇತ್ತು. ಕೊಡೆ ರಿಪೇರಿ ಅಂದೆ. ಹನ್ನೆರಡನೆಯವಳು ದಿನಾ ಬೆಳಿಗ್ಗೆ ಹೊಸಿಲ ಮೇಲೆ ಚಾಕು ಉಜ್ಜುತ್ತಾಳೆ. ಸಾಣೆ. ಬರೆಯುತ್ತಾ ಬರೆಯುತ್ತಾ ಕೈಗೆ ರುಚಿ ಹತ್ತಿಬಿಟ್ಟಿತು. ಹನ್ನೊಂದಕ್ಕೆ ನಿಲ್ಲಿಸಿದ್ದು ಹಾಳೆ ತುಂಬಿದ್ದಕ್ಕೆ. ಅಷ್ಟು ದೊಡ್ಡ ಬೀದಿ ಮಾಡಿ ಕಳಿಸಿದೆ, ಅವಳು ಥ್ಯಾಂಕ್ಸ್ ಹೇಳಿಕೊಂಡು ಹೋದಳು. ಅವತ್ತು ಸಂಜೆ ತನಕ ಮಹಾ ಸಾಧನೆ ಮಾಡಿದವಳ ಹಾಗೆ ಬೀಗಿದ್ದೆ, ಮುಟ್ಠಾಳಿ.

ಅದರಲ್ಲಿ ನಿಜ ಬರೆದದ್ದು ಒಂದೇ ಒಂದು, ನನ್ನ ಅಂಗಡಿ. ಈಗ ನನ್ನ ಕುತ್ತಿಗೆಗೆ ಬಂದಿರೋದೂ ಅದೇ.

ಮೂರು ತಿಂಗಳಿಂದ ಮೂರನೇ ಕಿಟಕಿಯವನನ್ನು ಉಗಿದೆ, ಟೇಪನ್ನು ಉಗಿದೆ, ಆ ಮರದವನನ್ನು ಉಗಿದೆ. ಅವರಿಗೆ ಬುದ್ಧಿ ಇಲ್ಲ, ಅದು ಇವತ್ತಿಗೂ ನಿಜ, ವಾಪಸ್ ತೆಗೆದುಕೊಳ್ಳಲ್ಲ. ಆದರೆ ಅವರು ಕಾಯ್ತಾ ಕೂತಿರೋದು ನಾನು ಬರೆದುಕೊಟ್ಟ ಸುಳ್ಳನ್ನ.

ಈಗ ನಿನ್ನ ಸರದಿ. ನೀನು ಈ ಬೀದಿಯಲ್ಲೇ ಬೆಳೆದವಳು. ಹದಿನಾಲ್ಕು ಮನೆಯ ಅಡುಗೆಮನೆಗೂ ನುಗ್ಗಿ ತಿಂದು ಬಂದವಳು. ಯಾವ ಮನೆಯಲ್ಲಿ ಏನಿದೆ ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು ನಿನಗೆ. ನನ್ನ ಅಕ್ಷರ ಕಂಡಿತು. ಸುಳ್ಳು ಅಂತ ತಿಳಿಯಿತು. ಆದರೂ ಬಣ್ಣ ಹಾಕಿದೆ. ಯಾಕೆ? ನನ್ನ ಮಾನ ಉಳಿಸೋಕಾ? ಅಥವಾ ಹೊಸ ಕೆಲಸದಲ್ಲಿ "ಇದು ನಮ್ಮಜ್ಜಿ ಬರೆದ ಸುಳ್ಳು" ಅನ್ನೋಕೆ ನಾಚಿಕೆಯಾಯಿತಾ?

ಇದಕ್ಕೆ ನಿಯಮದ ಪ್ರಕಾರ ಉತ್ತರ ಬರೆಯಬೇಡ. ವಿಚಾರಣೆಗೆ ಮೊದಲು ಬರಿ.

ಅಜ್ಜಿ


ಏಪ್ರಿಲ್ ೧೨

ಮಗಳೇ,

ನೀನು ಬರೆಯಲಿಲ್ಲ. ಅಂಚೆಯವನು ದಿನಾ ನಮ್ಮ ಬಾಗಿಲು ದಾಟುವಾಗ ಹೆಜ್ಜೆ ಜೋರು ಮಾಡುತ್ತಾನೆ, ನಾನು ಅವನನ್ನೇ ಬೈಯುತ್ತೇನೆ ಅಂತ.

ನಿನ್ನೆ ವಿಚಾರಣೆ ಮುಗಿಯಿತು. ಅದಕ್ಕೂ ಮೊದಲು ಬಡಗಿಗೆ ಹೇಳಬೇಕಿತ್ತು. ನಾನು ಬರೆದದ್ದು ಸುಳ್ಳು ಅಂತ ನಿಂತು ಹೇಳಿದರೆ ಬೀದಿ ಹಳದಿಗೆ ತಿರುಗಿ ಅವನ ಕಾರ್ಖಾನೆ ಮುಚ್ಚಿಸಬಹುದು ಅಂತ ಹೆದರಿಕೆ. ನಮ್ಮ ಮುದುಕಿಯನ್ನು ಹೊರೋದು ಅವನ ಹೆಗಲು. ಹೋದೆ. ಹಲಗೆ ಉಜ್ಜುತ್ತಿದ್ದ. ಎಲ್ಲ ಹೇಳಿದೆ. ಕೈ ನಿಲ್ಲಿಸಲಿಲ್ಲ.

"ನನ್ನ ಮನೆ ಮುಂದೆ ಏನಂತ ಬರೆದಿದ್ರಿ?"

"ಬಡಗಿ ಕಾರ್ಖಾನೆ."

"ಆವಾಗ ನನ್ನ ಹತ್ರ ಇದ್ದದ್ದು ಒಂದು ಗರಗಸ ಅಜ್ಜಿ. ಅದೂ ನಿಮ್ಮ ಮನೇದು, ಇಸ್ಕೊಂಡು ಹೋಗಿದ್ದೆ."

"ವಾಪಸ್ ಕೊಟ್ಟಿಲ್ಲ ನೀನು."

"ಬೀದಿ ನೇರಳೆ ಆಗಿದೆ, ಲೈಸೆನ್ಸ್ ಸಿಗುತ್ತೆ ಅಂತ ಯಾರೋ ಹೇಳಿದ್ರು. ಕಾರ್ಖಾನೆ ಇಟ್ಟೆ. ನೀವು ಸುಳ್ಳು ಬರೆದ್ರಿ, ನಾನು ನಿಜ ಮಾಡಿದೆ. ಹೋಗಿ ಹೇಳಿ. ಅವರು ಬಂದು ಮುಚ್ಚಿಸಲಿ, ಆಮೇಲೆ ನೋಡೋಣ." ಹಲಗೆ ತಿರುಗಿಸಿ ಹಾಕಿ, "ದೊಡ್ಡಜ್ಜಿನೂ ಕರ್ಕೊಂಡು ಹೋಗೋಣ, ನಾನು ಎತ್ಕೊಳ್ತೀನಿ" ಅಂದ. ಮೊದಲು ಗರಗಸ ವಾಪಸ್ ತಂದಿಡು ಅಂತ ಗದರಿ ಎದ್ದು ಬಂದೆ.

ಐದು ಜನ ಉದ್ದ ಮೇಜಿನ ಹಿಂದೆ. ನಾಲ್ಕು ಜನಕ್ಕೆ ನಿದ್ದೆ, ಮಧ್ಯದ ಕನ್ನಡಕದವಳು ಅಧ್ಯಕ್ಷೆ, ಅವಳೊಬ್ಬಳಿಗೆ ಎಚ್ಚರ. ನಮಗಿಂತ ಮೊದಲು ಒಬ್ಬ ಏಳು ಮಹಡಿ ಕಟ್ಟೋನು ಬಂದಿದ್ದ. ಸೂಟು ಬೂಟು, ಬಣ್ಣದ ಚಿತ್ರ, ಚಿತ್ರದ ತುಂಬ ಮರ. ಎರಡು ಮಹಡಿಗೆ ಅಪ್ಪಣೆ ಇದ್ದ ಕಡೆ ಏಳು. ನಾಲ್ಕು ನಿಮಿಷದಲ್ಲಿ ವಿನಾಯಿತಿ ಕೊಟ್ಟು, ನಗ್ತಾ ಕಳಿಸಿದರು. ಆಮೇಲೆ ನನ್ನ ಒಂದು ಬಚ್ಚಲು. ಮುಕ್ಕಾಲು ಗಂಟೆ. ನೀರು ಎತ್ತ ಹರಿಯುತ್ತೆ, ಬಾಗಿಲು ಒಳಕ್ಕೆ ತೆಗೆಯುತ್ತಾ ಹೊರಕ್ಕಾ, ಬೀದಿಯ ವ್ಯಾಪಾರದ ಕಳೆ ಕೆಡುತ್ತಾ.

"ಆ ಬೀದೀಲಿ ಕಳೆ ಇಲ್ಲಮ್ಮ, ಅದು ನಾನು ಬರೆದದ್ದು" ಅಂದೆ. ಹಾಳೆ ತರಿಸಿದರು. ಒಂದೊಂದೇ ಸಾಲು ಓದಿಸಿದರು. ಇದು ಸುಳ್ಳು, ಇದು ಸುಳ್ಳು, ಇದು ಸುಳ್ಳು, ಇದು ನಂದು, ಇದು ಸುಳ್ಳು. ಹಿಂದೆ ಯಾರೋ ನಕ್ಕರು. ದೊಡ್ಡಜ್ಜಿ ಕುರ್ಚಿಯಿಂದಲೇ ತಿರುಗಿ, "ಯಾರದು? ನಿಮ್ಮನೇಲಿ ಮೆಟ್ಟಿಲಿಲ್ವಾ?" ಅಂದಳು. ನಗು ನಿಂತಿತು. ನನ್ನ ಮುಖಕ್ಕೆ ಬೆಂಕಿ ಹಚ್ಚಿದ ಹಾಗೆ ಇತ್ತು. ಬೇರೆಯವರನ್ನು ಬೈದು ಬೈದು ನನಗೆ ಬೈಸಿಕೊಂಡು ಅಭ್ಯಾಸವಿಲ್ಲ.

ಕನ್ನಡಕದವಳು ಹೇಳಿದಳು, ಸಮೀಕ್ಷೆ ತಪ್ಪು ಅಂತ ಸಾಬೀತಾದರೆ ಒಂದು ಮನೆಗೆ ಮಾತ್ರ ವಿನಾಯಿತಿ ಕೊಡಬಹುದು, ಬೀದಿಯ ಬಣ್ಣ ಬದಲಾಗಬೇಕಿಲ್ಲ, ಈಗಿರೋ ಲೈಸೆನ್ಸ್ ಯಾರೂ ಮುಟ್ಟಲ್ಲ. ಬಡಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆದರೆ ಬರೆದವಳ ಬಾಯಿಮಾತು ಸಾಲದಂತೆ. ಇವತ್ತು ಬೇಕು ಅಂತ ನಾನು ಸುಳ್ಳು ಹೇಳ್ತಾ ಇರಬಹುದಲ್ಲ. ನಕ್ಷೆಗೆ ಬಣ್ಣ ಹಾಕಿದ ಅಧಿಕಾರಿ, ಹೌದು, ಹಾಳೆ ತಪ್ಪು ಅಂತ ಲಿಖಿತವಾಗಿ ಹೇಳಬೇಕು. ನಕ್ಷೆಯ ಮೂಲೆಯಲ್ಲಿ ಎರಡು ಅಕ್ಷರದ ಸಹಿ ಇತ್ತು. ಅದನ್ನು ನನ್ನ ಕಡೆ ತಿರುಗಿಸಿ ಕೇಳಿದಳು: "ಇದು ಯಾರು ಅಂತ ನಿಮಗೆ ಗೊತ್ತಾ?"

ದೊಡ್ಡಜ್ಜಿ ನನ್ನ ಮುಖ ನೋಡಿದಳು. ಅವಳಿಗೂ ನಿನ್ನ ಸಹಿ ಗೊತ್ತು.

"ಗೊತ್ತಿಲ್ಲ" ಅಂದೆ.

ಒಂದು ಸುಳ್ಳು ಒಪ್ಪಿಕೊಳ್ಳೋಕೆ ಹೋದವಳು ಇನ್ನೊಂದು ಹೇಳಿ ಬಂದೆ. ದೊಡ್ಡಜ್ಜಿ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು.

ಅಜ್ಜಿ


ಮೇ ೪

ಮಗಳೇ,

ವಿಚಾರಣೆಯಿಂದ ವಾಪಸ್ ಬಂದ ದಿನ ಬಡಗಿ ಕುರ್ಚಿ ಎತ್ತೋಕೆ ಬಗ್ಗಿದರೆ ದೊಡ್ಡಜ್ಜಿ ಮೊದಲನೇ ಮೆಟ್ಟಿಲ ಹತ್ತಿರ ಗೋಡೆ ಹಿಡಿದುಕೊಂಡಳು. "ನಾನು ಹತ್ತಲ್ಲ" ಅಂದಳು. ಜಗಳ ಆಡಲಿಲ್ಲ, ಕೂಗಲಿಲ್ಲ. ನಾನು ಅಂಗಡಿ ಕೋಣೆಯ ಬೀಗ ತೆಗೆದೆ. ಬಡಗಿ ಮಂಚ ಇಳಿಸಿಕೊಟ್ಟ. ಬಚ್ಚಲಿಲ್ಲ, ಹಿಂದೆ ಅಡುಗೆಮನೆಯಲ್ಲಿ ಪರದೆ ಕಟ್ಟಿ ಏನೋ ನಡೆಸುತ್ತಾ ಇದ್ದೇವೆ. ಮೂರು ವಾರದಲ್ಲಿ ಅವಳು ಕೋಲು ಕುಟ್ಟಿಲ್ಲ. ಬೆಳಿಗ್ಗೆ ಬಾಗಿಲು ತೆರೆದಿಟ್ಟರೆ ಹೋಗಿ ಬರೋರೆಲ್ಲ ಹೊಸಿಲ ಮೇಲೆ ಕೂತು ಮಾತಾಡಿಕೊಂಡು ಹೋಗುತ್ತಾರೆ. ಮೊನ್ನೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಎರಡು ಹೆಜ್ಜೆ ಬೀದಿಗೆ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ಕಸ ಇಟ್ಟುಕೊಂಡಿದ್ದೀಯಲ್ಲೇ ಬಾಗಿಲಲ್ಲಿ, ನಾಚಿಕೆಯಾಗಲ್ವಾ ಅಂದಳು. ಎಷ್ಟು ಹಿತವಾಯಿತು ಅಂತೀಯ, ಹೋಗಿ ಗುಡಿಸಿದೆ.

ನಿನ್ನೆ ಟೇಪು ಬಂದ. ಮಂಚ ನೋಡಿದ. ಅದರ ಮೇಲೆ ಮಲಗಿದ್ದವಳನ್ನು ನೋಡಿದ.

"ಅಜ್ಜಿ, ನಾನು ಬರೀಲೇಬೇಕು."

"ಬರ್ಕೋ. ನೀನು ಬರೀದೆ ಬಿಟ್ಟದ್ದು ಯಾವುದಿದೆ."

"ಮೂವತ್ತೊಂದರ ತನಕ ಟೈಮ್ ಇದೆ. ಆ ನಕ್ಷೆಯವರು ಯಾರೋ ಏನೋ, ಅಷ್ಟರಲ್ಲಿ ಅವರ ಹೇಳಿಕೆ ಬಂದ್ರೆ ಸರಿ. ಬರಲಿಲ್ಲಾಂದ್ರೆ ಅರ್ಜಿ ವಜಾ, ಕೋಣೆ ಖಾಲಿ. ಖಾಲಿ ಮಾಡಿಸೋಕೆ ಬರಬೇಕಾದವನೂ ನಾನೇ." ಹೇಳುವಾಗ ಅವಳ ಕಡೆ ನೋಡಲಿಲ್ಲ. ನೋಟೀಸನ್ನು ಬಾಗಿಲಿಗೆ ಅಂಟಿಸಿದ, ಸೊಟ್ಟ. ನಾನು ಕಿತ್ತು ನೆಟ್ಟಗೆ ಅಂಟಿಸಿದೆ.

ನಿಮ್ಮ ಕಚೇರಿಯವರು ಆ ಎರಡಕ್ಷರ ಯಾರದು ಅಂತ ಹುಡುಕುತ್ತಾ ಇದ್ದಾರಂತೆ. ಅವರು ಹುಡುಕೋ ಚಂದಕ್ಕೆ ಹತ್ತು ವರ್ಷ ಬೇಕು, ನಿನಗೇನೂ ಆಗಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ. ನಾನು ಹೇಳಲ್ಲ. ದೊಡ್ಡಜ್ಜಿ ಹೇಳಲ್ಲ. ಅವಳಂತೂ ನಿನ್ನೆ ನೋಟೀಸು ಓದಿಸಿಕೊಂಡು, "ಮೇಲಕ್ಕೇ ಹೋಗ್ತೀನಿ ಬಿಡೇ, ಮಗು ಕೆಲಸ ಯಾಕೆ ಕೆಡಿಸಬೇಕು" ಅಂದಳು. ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು.

ನೀನು ಬರೆದುಕೊಟ್ಟರೆ ನಿನ್ನ ಕೆಲಸಕ್ಕೆ ಏನಾಗುತ್ತೆ ಅಂತ ನಾನು ಇಷ್ಟು ಕಾಗದದಲ್ಲಿ ಒಂದು ಸಲವೂ ಕೇಳಿಲ್ಲ. ಕೇಳಬೇಕಿತ್ತು. ಈಗಲೂ ಕೇಳಲ್ಲ. ಕೇಳಿದರೆ ನೀನು ಹೇಳುತ್ತೀಯ, ಹೇಳಿದರೆ ನನಗೆ ಬೇಡ ಅನ್ನಿಸುತ್ತೆ.

ನಾನು ನೂರು ಜನರ ಎದುರಿಗೆ ನಿಂತು ಸುಳ್ಳಿ ಅಂತ ಹೇಳಿಸಿಕೊಂಡು ಬಂದೆ. ಸಾಯಲಿಲ್ಲ. ಎರಡು ದಿನ ಊಟ ಸೇರಲಿಲ್ಲ, ಮೂರನೇ ದಿನ ಸೇರಿತು. ನಿನಗೂ ಸೇರುತ್ತೆ.

ಒಂದು ಹಾಳೆ ಸಾಕು. ಕಚೇರಿಯ ಭಾಷೆ ಬೇಡ. ಹಾಳೆ ತಪ್ಪು ಅಂತ ಗೊತ್ತಿತ್ತು, ಗೊತ್ತಿದ್ದೂ ಬಣ್ಣ ಹಾಕಿದೆ ಅಂತ ಬರೆದು, ಎರಡಕ್ಷರ ಸಾಲದು, ಪೂರ್ತಿ ಹೆಸರು ಹಾಕಿ ಆ ಕನ್ನಡಕದವಳಿಗೆ ಕಳಿಸು. ಕಳಿಸಿದ್ದೀನಿ ಅಂತ ನನಗೆ ಬೇರೆ ಕಾಗದ ಬರಿ. ಕಳಿಸಲ್ಲ ಅನ್ನೋದಾದರೆ ಅದನ್ನೂ ಬರಿ, ಬಡಗಿಗೆ ಕುರ್ಚಿ ತರೋಕೆ ಹೇಳಬೇಕು. ಯಾವುದಾದರೂ ಸರಿ, ಜೂನ್ ಹುಟ್ಟೋದಕ್ಕೆ ಮೊದಲು ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ಅಜ್ಜಿ